ಬಟ್ಟೆ ಒಗೆಯಲು ಯಾರು ಬರುತ್ತಾರೆ: ಒಂದು ಸಭೆಯ ರೋಗಿಸೇವೆಯ ಪ್ರಕರಣ ಅಧ್ಯಯನ

ಉತ್ತರ ಕರ್ನಾಟಕದ ನೇಕಾರರ ಊರೊಂದರ ಪ್ರೊಟೆಸ್ಟೆಂಟ್ ಸಭೆಯ ಕೆಲವರು ಸೇರಿ, ಕೆನ್ನೆಯ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದ ಹೆಂಗಸೊಬ್ಬರಿಗೆ ಅವರ ಮನೆಯಲ್ಲೇ ಸುಮಾರು ಏಳು ತಿಂಗಳ ಕಾಲ ಆರೈಕೆ ಮಾಡಿದ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ನಾನು ಅದೇ ಸಭೆಗೆ ಸೇರಿದವಳು, ನಿವೃತ್ತ ನರ್ಸ್. ಗುರುತು ಸಿಗಬಾರದೆಂದು ವಯಸ್ಸು, ಬಂಧುತ್ವ, ಊರಿಗೆ ಸಂಬಂಧಿಸಿದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾವು ತೆಗೆದುಕೊಂಡ ನಿರ್ಧಾರಗಳನ್ನಾಗಲಿ, ಮಾಡಿದ ತಪ್ಪುಗಳನ್ನಾಗಲಿ, ಅವು ನಡೆದ ಕ್ರಮವನ್ನಾಗಲಿ ಬದಲಿಸಿಲ್ಲ. ರೋಗಿಯ ಸೊಸೆ ಈ ಬರಹದ ಕರಡನ್ನು ಓದಿಸಿ ಕೇಳಿ, ಎರಡು ಸಂಗತಿಗಳನ್ನು ತೆಗೆಸಿದರು. ಅವು ಇಲ್ಲಿಲ್ಲ.

ಕಷ್ಟಾನುಭವದಲ್ಲಿ ದೇವರ ಸೌಂದರ್ಯ ಪ್ರಕಟವಾಗುತ್ತದೆ ಎಂಬ ಮಾತನ್ನು ನಮ್ಮ ಪ್ರಸಂಗಪೀಠಗಳಿಂದ ಮೇಲಿಂದ ಮೇಲೆ ಕೇಳುತ್ತೇವೆ. ಆ ಮಾತು ಸುಳ್ಳೆಂದು ನನಗೆ ಅನ್ನಿಸಿಲ್ಲ. ಆದರೆ ಅದನ್ನು ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಹೇಳುತ್ತಾರೆ ಎಂಬುದರ ಮೇಲೆ ಅದು ಸಾಂತ್ವನವೂ ಆಗಬಹುದು, ಹಿಂಸೆಯೂ ಆಗಬಹುದು ಎಂಬುದನ್ನು ಈ ಪ್ರಕರಣದಲ್ಲಿ ನಾವು ತಡವಾಗಿ, ರೋಗಿಗೆ ನೋವು ಕೊಟ್ಟು ಕಲಿತೆವು.

ಹಿನ್ನೆಲೆ

ಓಣಿಯವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಅರವತ್ತರ ಆಸುಪಾಸಿನ ವಿಧವೆ. ಒಬ್ಬ ಮಗ, ಸೊಸೆ, ಶಾಲೆಗೆ ಹೋಗುವ ಇಬ್ಬರು ಮೊಮ್ಮಕ್ಕಳು. ಮನೆಯ ಮುಂದಿನ ಪಡಸಾಲೆಯನ್ನು ಮಗ್ಗವೇ ತುಂಬಿಕೊಂಡಿತ್ತು. ಮಗ ನೇಯುವುದು, ಸೊಸೆ ಮತ್ತು ಅತ್ತೆ ನೂಲಿನ ಕಂಡಿಕೆ ಸುತ್ತುವುದು, ವಾರಕ್ಕೊಮ್ಮೆ ಸಾಹುಕಾರನಿಗೆ ಸೀರೆ ಒಪ್ಪಿಸಿ ಕೂಲಿ ತರುವುದು ಆ ಮನೆಯ ಲೆಕ್ಕಾಚಾರ. ದೊಡ್ಡವ್ವ ಹನ್ನೆರಡನೆಯ ವಯಸ್ಸಿನಿಂದ ಎಲೆ, ಅಡಿಕೆ, ಸುಣ್ಣ, ತಂಬಾಕು ಹಾಕಿಕೊಂಡು ಬಂದವರು; ಮಗ್ಗದ ಮನೆಗಳಲ್ಲಿ ಅದು ಹಸಿವೆಯನ್ನೂ ನಿದ್ದೆಯನ್ನೂ ತಡೆಯುವ ಉಪಾಯ. ಆರಾಧನೆಗೆ ತಪ್ಪದೆ ಬರುತ್ತಿದ್ದರು. ಕೀರ್ತನೆಗಳನ್ನು ಎಲ್ಲರಿಗಿಂತ ಒಂದು ಮಾತ್ರೆ ಮುಂದೆ ಹಾಡಿ, ಹಾರ್ಮೋನಿಯಂ ಬಾರಿಸುವವರ ಸಿಟ್ಟಿಗೆ ಗುರಿಯಾಗುವುದು ಅವರ ರೂಢಿ.

ಕೆನ್ನೆಯ ಒಳಗೆ ಮಾಯದ ಹುಣ್ಣು ಕಾಣಿಸಿಕೊಂಡು, ಪತ್ತೆಯಾಗಿ, ಶಸ್ತ್ರಚಿಕಿತ್ಸೆಯೂ ವಿಕಿರಣ ಚಿಕಿತ್ಸೆಯೂ ಆಗಿ ಒಂದು ವರ್ಷ ಕಳೆಯುವಷ್ಟರಲ್ಲಿ ರೋಗ ಮರಳಿತು. ಈ ಬಾರಿ ವೈದ್ಯರು ಗುಣಪಡಿಸುವ ಮಾತಾಡಲಿಲ್ಲ.

ನಮ್ಮದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ಪರಂಪರೆಯ ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನರಿಗಳು ಘಟ್ಟ ಹತ್ತಿ ಧಾರವಾಡದ ಸೀಮೆಗೆ ಬಂದ ಮೇಲೆ ಹುಟ್ಟಿದ ಹಲವು ಸಭೆಗಳಂತೆ ನಮಗೂ ಎರಡು ಹೆಮ್ಮೆಗಳಿವೆ: ವಾಕ್ಯದ ಮೇಲಿನ ಹಿಡಿತ, ಶಿಸ್ತು. ಕಾಯಿಲೆ ಬಿದ್ದವರ ಮನೆಗೆ ಗುಂಪಾಗಿ ಹೋಗಿ, ಒಂದು ಕೀರ್ತನೆ ಹಾಡಿ, ವಾಕ್ಯ ಓದಿ, ಪ್ರಾರ್ಥಿಸಿ, ಬ್ರೆಡ್ಡು ಬಾಳೆಹಣ್ಣು ಇಟ್ಟು ಬರುವ ಪದ್ಧತಿ ನನ್ನ ಬಾಲ್ಯದಿಂದಲೂ ಇದೆ. ಸಾಮಾನ್ಯ ಕಾಯಿಲೆಗಳಿಗೆ ಆ ಪದ್ಧತಿ ಸಾಕಾಗುತ್ತಿತ್ತು.

ಸಮಸ್ಯೆ

ಮಳೆಗಾಲದ ಹೊತ್ತಿಗೆ ಗಡ್ಡೆ ಕೆನ್ನೆಯನ್ನು ಹರಿದುಕೊಂಡು ಹೊರಬಂದಿತು. ಇಂಥ ಹುಣ್ಣಿನಲ್ಲಿ ಸತ್ತ ಮಾಂಸ ಕೊಳೆತು, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಅದರಲ್ಲಿ ಬೆಳೆಯುವುದರಿಂದ ಹುಟ್ಟುವ ವಾಸನೆ ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಅದು ಬಟ್ಟೆಗೆ, ಗೋಡೆಗೆ, ಮಗ್ಗದ ಮೇಲಿನ ನೂಲಿಗೂ ಹತ್ತುತ್ತದೆ. ಸಾಹುಕಾರ ಒಂದು ಸೀರೆಯನ್ನು ಮೂಸಿ ನೋಡಿ ಹಿಂದಕ್ಕೆ ಕೊಟ್ಟ ದಿನ ದೊಡ್ಡವ್ವನೇ ತಮ್ಮ ಚಾಪೆಯನ್ನು ಹಿತ್ತಲ ಖೋಲಿಗೆ ಸಾಗಿಸಿಕೊಂಡರು. ಗೋಡೆಯ ಮೇಲಿನ ಕನ್ನಡಿಯನ್ನು ಇಳಿಸಿ, ಬೋರಲು ಹಾಕಿ ಇಟ್ಟವರೂ ಅವರೇ. ರೋಗ ಹತ್ತುತ್ತದೆಂಬ ಭಯದಿಂದ ಓಣಿಯವರು ಮೊಮ್ಮಕ್ಕಳನ್ನು ತಮ್ಮ ಮಕ್ಕಳೊಂದಿಗೆ ಆಡಗೊಡಲಿಲ್ಲ. ಕ್ಯಾನ್ಸರ್ ಹಾಗೆ ಹತ್ತುವುದಿಲ್ಲವೆಂದು ನಾನು ಎಷ್ಟು ಹೇಳಿದರೂ ಅವರ ಮೂಗು ನನ್ನ ಮಾತನ್ನು ನಂಬಲಿಲ್ಲ.

ನಮ್ಮ ಭೇಟಿಗಳು ನಿಲ್ಲಲಿಲ್ಲ. ಅವು ಮಾಡಿದ ಹಾನಿ ಬೇರೆ ಬಗೆಯದು. ಎಂಟು ಹತ್ತು ಜನ ಹೋಗುತ್ತಿದ್ದೆವು. ಹೊಸ್ತಿಲ ಆಚೆಗೇ ನಿಂತು, ಸೆರಗನ್ನು ಮೂಗಿಗೆ ಒತ್ತಿಕೊಂಡು ಹಾಡುತ್ತಿದ್ದೆವು. ಪೇತ್ರನ ಮೊದಲ ಪತ್ರಿಕೆಯಿಂದ, ಬಂಗಾರವು ಬೆಂಕಿಯಲ್ಲಿ ಶೋಧಿತವಾಗುವ ಮಾತನ್ನು ಓದುತ್ತಿದ್ದೆವು. ಹಿರಿಯರೊಬ್ಬರು ಪ್ರತಿ ಸಲವೂ, ಈ ಕಷ್ಟದಲ್ಲಿ ದೇವರು ನಿಮ್ಮನ್ನು ಸುಂದರಗೊಳಿಸುತ್ತಿದ್ದಾನೆ ಎಂದು ಹೇಳುತ್ತಿದ್ದರು. ಹೀಗೆ ನಾಲ್ಕು ವಾರ. ಐದನೆಯ ವಾರ ನಾವು ಹೋದಾಗ ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಪ್ರಾರ್ಥನೆ ಮುಗಿಯುವವರೆಗೂ ತಿರುಗಲಿಲ್ಲ. ಮರುದಿನ ಮಗನ ಕೈಯಲ್ಲಿ ಹೇಳಿ ಕಳಿಸಿದರು: "ಇನ್ನ ಯಾರೂ ಬರೋದು ಬ್ಯಾಡ."

ಯೆಶಾಯನ ಐವತ್ತಮೂರನೆಯ ಅಧ್ಯಾಯವನ್ನು ನಮ್ಮ ಸಭೆಯಲ್ಲಿ ಪ್ರತಿ ಶುಭ ಶುಕ್ರವಾರ ಓದುತ್ತಾರೆ. ನೋಡುವವರಿಗೆ ಹಿಡಿಸುವ ಯಾವ ಅಂದವೂ ಇಲ್ಲದ, ಜನರು ಮುಖ ತಿರುಗಿಸಿಕೊಳ್ಳುವಂಥ ಆ ಕಷ್ಟಭೋಗಿ ಸೇವಕನ ವರ್ಣನೆ ನನಗೆ ಬಾಯಿಪಾಠ. ಹೊಸ್ತಿಲ ಆಚೆ ನಿಂತಿದ್ದ ಆ ಐದು ವಾರಗಳಲ್ಲಿ ಅದು ಒಮ್ಮೆಯೂ ನನ್ನ ನೆನಪಿಗೆ ಬರಲಿಲ್ಲ.

ಮೊದಲು ಮಾಡಿದ್ದು

ಬರಬೇಡಿ ಎಂದ ಮೇಲೆ ಸಭೆ ಮಾಡಿದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಇಪ್ಪತ್ತೊಂದು ದಿನ ಸರತಿಯ ಮೇಲೆ ಉಪವಾಸ ಪ್ರಾರ್ಥನೆ ನಡೆಯಿತು. ಸಂಬಂಧಿಕರು ಬೇರೊಂದು ಊರಿನ ಸ್ವಸ್ಥತೆಯ ಕೂಟಕ್ಕೆ ಅವರನ್ನು ಕರೆದುಕೊಂಡು ಹೋದರು. ಅಲ್ಲಿ ಎಣ್ಣೆ ಹಚ್ಚಿದರು, ವಾಸಿಯಾಗದಿದ್ದಾಗ ನಂಬಿಕೆ ಸಾಲದೆಂದರು. ಹೋಗಿ ಬಂದ ಜೀಪಿನ ಬಾಡಿಗೆಯ ಸಾಲ ಮಗನ ತಲೆಗೆ ಬಂತು.

ಆ ಸುದ್ದಿ ಕೇಳಿ ನಾನೊಬ್ಬಳೇ ಅವರ ಮನೆಗೆ ಹೋದೆ. ಸೊಸೆ ಹಿತ್ತಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೀವು ಹತ್ತಿದ ಬಟ್ಟೆಗಳನ್ನು ಒಗೆಯುತ್ತಿದ್ದಳು. ಸಭೆಯವರೆಲ್ಲ ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ನಾನು ಅಂದಾಗ ಅವಳು ತಲೆಯೆತ್ತದೆ ಹೇಳಿದ ಮಾತೇ ಈ ಪ್ರಕರಣದ ಮೊದಲ ತಿರುವು: "ಅಕ್ಕಾರ, ಪ್ರಾರ್ಥನಾ ಮಾಡವ್ರು ಭಾಳ ಮಂದಿ ಬರ್ತಾರ್ರಿ. ಬಟ್ಟಿ ಒಗ್ಯಾಕ ಯಾರೂ ಬರಂಗಿಲ್ರಿ."

ನಾನು ಮೂವತ್ತು ವರ್ಷ ವಾರ್ಡುಗಳಲ್ಲಿ ದುಡಿದವಳು. ಕೀವಿನ ಬಟ್ಟೆಯ ಆ ಬುಟ್ಟಿ ನನ್ನ ಕಣ್ಣಿಗೆ ಮೊದಲೇ ಬೀಳಬೇಕಿತ್ತು.

ಆಡಳಿತ ಸಮಿತಿಯಲ್ಲಿ ನಡೆದ ವಾದ

ಬಟ್ಟೆ ಒಗೆಯುವುದರಿಂದಲೇ ಶುರು ಮಾಡೋಣ, ಆಮೇಲೆ ಹುಣ್ಣಿನ ಆರೈಕೆಯನ್ನು ಕಲಿಯೋಣ, ಹಾಡು ಪ್ರಾರ್ಥನೆಗಳನ್ನು ಅವರು ಕೇಳುವವರೆಗೆ ನಿಲ್ಲಿಸೋಣ ಎಂದು ನಾನು ಸಮಿತಿಯ ಮುಂದೆ ಇಟ್ಟೆ. ಮೊದಲ ಎರಡಕ್ಕೆ ಹೆಚ್ಚಿನ ವಿರೋಧ ಬರಲಿಲ್ಲ. ಮೂರನೆಯದಕ್ಕೆ ಬಂತು. ದೇವರು ಸುಂದರಗೊಳಿಸುತ್ತಿದ್ದಾನೆ ಎನ್ನುತ್ತಿದ್ದ ಆ ಹಿರಿಯರು, ಸಭೆಯ ಕೆಲಸ ವಾಕ್ಯ ಸಾರುವುದು, ಒಗೆಯುವ ಕೆಲಸಕ್ಕೆ ಕೂಲಿ ಕೊಟ್ಟು ಯಾರನ್ನಾದರೂ ಇಟ್ಟರಾಯಿತು, ಅದಕ್ಕೆ ಹಣ ನಾನೇ ಕೊಡುತ್ತೇನೆ ಎಂದರು. ಅವರು ಕೆಟ್ಟವರಲ್ಲ; ಕೊಡುತ್ತೇನೆ ಎಂದರೆ ಕೊಡುವವರೇ. ಆದರೆ ಕೀವಿನ ಬಟ್ಟೆ ಯಾರು ಒಗೆಯಬೇಕು ಎಂಬ ಪ್ರಶ್ನೆಯ ಹಿಂದೆ ನಮ್ಮ ಸೀಮೆಯಲ್ಲಿ ಜಾತಿಯ ನೆರಳು ಇದ್ದೇ ಇರುತ್ತದೆ, ದೀಕ್ಷಾಸ್ನಾನವಾಗಿ ನಾಲ್ಕು ತಲೆಮಾರು ಕಳೆದರೂ ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಸಭಾಪಾಲಕರು ಯೋಹಾನನ ಹದಿಮೂರನೆಯ ಅಧ್ಯಾಯ ತೆರೆದರು. ಯೇಸು ಮೇಲ್ಹೊದಿಕೆಯನ್ನು ತೆಗೆದಿಟ್ಟು, ನಡುವಿಗೆ ಬಟ್ಟೆ ಸುತ್ತಿಕೊಂಡು ಶಿಷ್ಯರ ಕಾಲು ತೊಳೆದ ಪ್ರಸಂಗ ಅದು. ಆ ಕಾಲದಲ್ಲಿ ಅದು ಮನೆಯ ಕೀಳು ಆಳು ಮಾಡುತ್ತಿದ್ದ ಕೆಲಸ. ನಾವು ಈಸ್ಟರಿಗೆ ಮುಂಚಿನ ಗುರುವಾರ ಅದನ್ನು ಆಚರಿಸುವಾಗ, ಕಾಲು ತೊಳೆಸಿಕೊಳ್ಳುವವರು ಮನೆಯಲ್ಲಿ ಸಾಬೂನು ಹಚ್ಚಿ ತೊಳೆದುಕೊಂಡೇ ಬಂದಿರುತ್ತಾರೆ ಎಂದು ಅವರು ಹೇಳಿದಾಗ ಕೆಲವರು ನಕ್ಕರು, ಕೆಲವರು ನಗಲಿಲ್ಲ. ಕೊನೆಗೆ ಒಪ್ಪಿಗೆ ಸಿಕ್ಕಿತು. ಐದು ಜನರ ತಂಡವಾಯಿತು: ನಾನು, ಸ್ತ್ರೀಯರ ಸಂಘದ ಇಬ್ಬರು, ಒಬ್ಬ ಶಿಕ್ಷಕಿ, ಮೊಬೈಲ್ ರಿಪೇರಿ ಅಂಗಡಿಯ ಒಬ್ಬ ಹುಡುಗ. ಆ ಹಿರಿಯರು ಮುಂದಿನ ತಿಂಗಳಿನಿಂದ ಸಮಿತಿಗೆ ಬರುವುದನ್ನು ಬಿಟ್ಟರು.

ಆರೈಕೆ

ಎರಡು ವಾರ ನಾವು ಹಿತ್ತಲ ಬಾಗಿಲಿನಿಂದ ಹೋಗಿ ಬಟ್ಟೆ ಒಗೆದು ಬಂದೆವು. ದೊಡ್ಡವ್ವನ ಖೋಲಿಗೆ ಕಾಲಿಡಲಿಲ್ಲ. ಅವರು ಕಿಟಕಿಯಿಂದ ನೋಡುತ್ತಿದ್ದರು. ಮೂರನೆಯ ವಾರ ಸೊಸೆ ಬಂದು, ಅತ್ತೆ ಒಳಗೆ ಕರೆಯುತ್ತಿದ್ದಾರೆ ಎಂದಳು. ಅಷ್ಟರೊಳಗೆ ನಮ್ಮಲ್ಲಿ ಮೂವರು ಜಿಲ್ಲಾ ಕೇಂದ್ರದಲ್ಲಿ, ಗುಣವಾಗದ ರೋಗಿಗಳ ನೋವು ತಗ್ಗಿಸುವ ಉಪಶಮನ ಆರೈಕೆ ಘಟಕದಲ್ಲಿ ಕೂತು ಕಲಿತು ಬಂದಿದ್ದೆವು.

ಕಲಿತದ್ದು ಸರಳ ಕೆಲಸಗಳು; ಆದರೆ ಒಂದೊಂದಕ್ಕೂ ಕಾರಣವಿತ್ತು. ಅರ್ಧ ಲೀಟರ್ ನೀರಿಗೆ ಒಂದು ಸಣ್ಣ ಚಮಚ ಉಪ್ಪು ಹಾಕಿ ಕುದಿಸಿ ಆರಿಸಿದರೆ ಹುಣ್ಣು ತೊಳೆಯುವ ನೀರು ತಯಾರು. ಹಳೆಯ ಹತ್ತಿ ಸೀರೆ, ಪಂಚೆಗಳನ್ನು ಒಗೆದು ಒಣಗಿಸಿ, ಕತ್ತರಿಸಿ, ಪ್ರೆಶರ್ ಕುಕ್ಕರಿನಲ್ಲಿ ಹಬೆಗೆ ಇಟ್ಟರೆ ಅಂಗಡಿಯ ಗಾಜ್ ಬಟ್ಟೆಯ ಖರ್ಚು ಉಳಿಯುತ್ತದೆ. ವೈದ್ಯರು ಹೇಳಿದಷ್ಟು ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿದರೆ, ವಾಸನೆ ಹುಟ್ಟಿಸುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಹುಣ್ಣಿಗೆ ತಾಗುವ ಬಟ್ಟೆಗೆ ವ್ಯಾಸಲೀನ್ ಸವರಿದರೆ ಮರುದಿನ ಬಿಚ್ಚುವಾಗ ಅದು ಮಾಂಸಕ್ಕೆ ಅಂಟಿಕೊಂಡು ರಕ್ತ ಬರುವುದಿಲ್ಲ. ಮೊದಲ ದಿನ ಹುಣ್ಣಿನ ಮೂಲೆಯಲ್ಲಿ ಹುಳುಗಳಿದ್ದವು. ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಬಟ್ಟೆಯನ್ನು ಹತ್ತಿರ ಹಿಡಿದು, ಅವು ಹೊರಬಂದ ಹಾಗೆ ಚಿಮಟದಿಂದ ಒಂದೊಂದಾಗಿ ತೆಗೆಯಬೇಕಾಯಿತು. ರಿಪೇರಿ ಅಂಗಡಿಯ ಹುಡುಗ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡು, ಬಾಯಿ ತೊಳೆದು, ಮತ್ತೆ ಬಂದು ಬ್ಯಾಟರಿ ಹಿಡಿದು ನಿಂತ. ಸೂಕ್ಷ್ಮ ಕೆಲಸಕ್ಕೆ ಪಳಗಿದ ಕೈ ಅವನದು. ಎರಡನೆಯ ವಾರದಿಂದ ಚಿಮಟವನ್ನೂ ಅವನೇ ಹಿಡಿದ.

ಹತ್ತು ದಿನಗಳಲ್ಲಿ ವಾಸನೆ ಬಹುಮಟ್ಟಿಗೆ ಇಳಿಯಿತು. ದೊಡ್ಡ ಮೊಮ್ಮಗಳು ಶಾಲೆಯ ಪುಸ್ತಕ ಹಿಡಿದು ಅಜ್ಜಿಯ ಖೋಲಿಗೆ ಬಂದು ಕೂತಳು. ಹುಣ್ಣು ದೊಡ್ಡದಾಗುತ್ತಲೇ ಇತ್ತು, ಅದನ್ನು ಯಾರೂ ಮುಚ್ಚಿಡಲಿಲ್ಲ.

ಮುಂದೊಂದು ದಿನ ಕುತ್ತಿಗೆಯ ರಕ್ತನಾಳ ಒಡೆಯುವ ಸಂಭವವಿದೆಯೆಂದು ಘಟಕದ ವೈದ್ಯರು ಹೇಳಿದ್ದರು. ಹಾಗಾದಾಗ ರಕ್ತ ಕಂಡು ಮನೆಯವರು ಕಂಗೆಡಬಾರದೆಂದು ಗಾಢ ಬಣ್ಣದ ದಪ್ಪ ಬಟ್ಟೆ ಹತ್ತಿರ ಇಟ್ಟಿರುವುದು ಈ ಆರೈಕೆಯ ಕ್ರಮ. ಇದನ್ನು ಸೊಸೆಗೆ ಗುಟ್ಟಾಗಿ ಹೇಳಿದೆ. ಅವಳು ಮರುದಿನ ಗಾಢ ಕೆಂಪಿನ ಹಳೆಯ ಜಮಖಾನೆಯನ್ನು ತಂದು ತಲೆದೆಸೆಗೆ ಮಡಿಚಿಟ್ಟಳು. ದೊಡ್ಡವ್ವ ಅದನ್ನು ಮುಟ್ಟಿ ನೋಡಿ, ಯಾಕೆಂದು ಕೇಳಲಿಲ್ಲ.

ಮಾರ್ಫಿನ್ ಬೇಡವೆಂದದ್ದು

ಹುಣ್ಣಿನ ಆರೈಕೆಗಿಂತ ಕಠಿಣವಾದ ತೊಡಕು ನೋವಿನದು. 1985ರ ಮಾದಕವಸ್ತು ಕಾಯ್ದೆಯ ಬಿಗಿಯಿಂದಾಗಿ ನಮ್ಮ ದೇಶದಲ್ಲಿ, ತೀವ್ರ ನೋವು ತಗ್ಗಿಸುವ ಮಾರ್ಫಿನ್ ಸಿಗುವುದು ದಶಕಗಳ ಕಾಲ ದುಸ್ತರವಾಗಿತ್ತು. 2014ರ ತಿದ್ದುಪಡಿಯ ಬಳಿಕ ಸ್ವಲ್ಪ ಸಡಿಲವಾಗಿದೆ. ನಮ್ಮ ಘಟಕದಲ್ಲಿ ಮಾತ್ರೆಗಳು ಸಿಕ್ಕವು. ನಾಲ್ಕು ತಾಸಿಗೊಮ್ಮೆ ಕೊಡಬೇಕು, ಮಲಬದ್ಧತೆ ಆಗದಂತೆ ಜೊತೆಗೆ ಬೇರೆ ಮಾತ್ರೆ ಕೊಡಬೇಕು ಎಂದು ಬರೆದುಕೊಟ್ಟರು. ಮೂರು ದಿನಗಳ ನಂತರ ನೋಡಿದರೆ ಮಾತ್ರೆಗಳೆಲ್ಲ ದಿಂಬಿನ ಕೆಳಗಿದ್ದವು.

ಅವರ ಮಾತು ಆಗಲೇ ಅರ್ಧ ಬಾಯಿಯದು, ಸೊಸೆಯೇ ದುಭಾಷಿ. ಬಿಡಿಸಿ ಬಿಡಿಸಿ ಕೇಳಿದಾಗ ತಿಳಿದದ್ದು ಇದು. ಸಭೆಯ ಯಾರೋ ಹಿಂದೊಮ್ಮೆ, ಶಿಲುಬೆಗೆ ಹಾಕುವ ಮುಂಚೆ ನೋವು ತಿಳಿಯದಂತೆ ಕೊಟ್ಟ ದ್ರಾಕ್ಷಾರಸವನ್ನು ಯೇಸು ಕುಡಿಯಲಿಲ್ಲವೆಂದು ಅವರಿಗೆ ಹೇಳಿದ್ದರು. ಕರ್ತನೇ ಬೇಡವೆಂದದ್ದನ್ನು ತಾನು ಹೇಗೆ ತೆಗೆದುಕೊಳ್ಳಲಿ ಎಂಬುದು ಅವರ ಪ್ರಶ್ನೆ. ರಾತ್ರಿಯೆಲ್ಲ ನರಳುತ್ತಿದ್ದುದನ್ನು ಅವರು ದೇವರಿಗೆ ಕೊಡುವ ಕಾಣಿಕೆಯೆಂದು ಎಣಿಸಿದ್ದರು.

ಇಲ್ಲಿ ನನ್ನ ನರ್ಸಿಂಗ್ ಬುದ್ಧಿ ದುಡುಕಿತು. ಗಂಜಿಯಲ್ಲಿ ಅರೆದು ಹಾಕಿ ಕೊಡೋಣ ಎಂದು ನಾನು ಸೊಸೆಗೆ ಹೇಳಿದೆ. ಸೊಸೆ ಒಪ್ಪಲಿಲ್ಲ. ನನ್ನ ಸಲಹೆ ಮೋಸವಾಗಿತ್ತು, ಅವಳ ನಿರಾಕರಣೆ ಸರಿಯಾಗಿತ್ತು.

ಸಭಾಪಾಲಕರು ಬಂದು ಹೊಸ್ತಿಲ ಒಳಗೆ, ನೆಲದ ಮೇಲೆ ಕೂತರು. ಮಾರ್ಕನ ಸುವಾರ್ತೆಯಲ್ಲಿ ಆ ರಕ್ತಬೋಳ ಬೆರೆಸಿದ ದ್ರಾಕ್ಷಾರಸವನ್ನು ಯೇಸು ಬೇಡವೆಂದದ್ದು ನಿಜ ಎಂದು ಒಪ್ಪಿಕೊಂಡೇ ಮಾತು ಶುರು ಮಾಡಿದರು. ಆಮೇಲೆ ಯೋಹಾನನ ಸುವಾರ್ತೆ ತೆರೆದು, ಅದೇ ಯೇಸು ಶಿಲುಬೆಯ ಮೇಲೆ ತನಗೆ ನೀರಡಿಕೆಯಾಗಿದೆಯೆಂದು ಬಾಯಿಬಿಟ್ಟು ಹೇಳಿದ್ದನ್ನೂ, ತುಟಿಗೆ ಹಿಡಿದ ಹುಳಿರಸವನ್ನು ತೆಗೆದುಕೊಂಡದ್ದನ್ನೂ ಓದಿದರು. ಲೂಕನ ಸುವಾರ್ತೆಯ ಸಮಾರ್ಯದವನು ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದನೆಂಬುದನ್ನು ಓದಿದರು. ಹಾದಿಯಲ್ಲಿ ಬಿದ್ದವನು ಅದನ್ನು ಬೇಡವೆನ್ನಲಿಲ್ಲ. ಇಷ್ಟೇ ಓದಿ, ನಿಮಗೆ ತಿಳಿದ ಹಾಗೆ ಮಾಡಿರಿ ಎಂದು ಎದ್ದು ಹೋದರು. ತಾಸೊತ್ತು ಸುಮ್ಮನಿದ್ದ ದೊಡ್ಡವ್ವ ಸೊಸೆಗೆ ಏನೋ ಹೇಳಿದರು. ಸೊಸೆ ನಮಗೆ ತಿಳಿಸಿದಳು: "ನೀರಡಿಕಿ ಆಗೇತಿ ಅನ್ನಾಕ ಅವಗ ನಾಚಿಕಿ ಆಗಲಿಲ್ಲಂದ್ರ ನನಗ್ಯಾಕ ಅಂತಾರ್ರಿ."

ಆ ರಾತ್ರಿ ಅವರು ಆರು ತಾಸು ನಿದ್ದೆ ಮಾಡಿದರು. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ, ಸಾಯುವವರ ಆರೈಕೆಯ ಮನೆಯನ್ನು ತೆರೆದ ಸಿಸಿಲಿ ಸಾಂಡರ್ಸ್, ಸಾಯುವವರ ನೋವು ದೇಹ, ಮನಸ್ಸು, ಸಂಬಂಧ, ಆತ್ಮ ಎಲ್ಲವೂ ಕೂಡಿದ ಒಂದೇ ನೋವೆಂದು ಕಂಡುಕೊಂಡವರು. ಅದನ್ನು ನಾನು ತರಬೇತಿಯಲ್ಲಿ ಪಾಠವಾಗಿ ಬರೆದುಕೊಂಡಿದ್ದೆ. ಮಾತ್ರೆ ದಿಂಬಿನ ಕೆಳಗೆ ಸಿಕ್ಕ ದಿನ ಅದರ ಅರ್ಥ ತಿಳಿಯಿತು.

ಚಿತ್ರದ ಪ್ರಸಂಗ

ಎಲ್ಲವೂ ಸುಸೂತ್ರವಾಗಿ ನಡೆಯುತ್ತಿದೆ ಎನ್ನುವಾಗ ಈ ಪ್ರಕರಣದ ಅತಿ ದೊಡ್ಡ ತಪ್ಪು ನಡೆಯಿತು. ತಂಡದ ಶಿಕ್ಷಕಿ ನಮ್ಮೆಲ್ಲರಿಗಿಂತ ಭಕ್ತಿವಂತೆ, ಒಂದು ದಿನವೂ ಸರತಿ ತಪ್ಪಿಸಿದವಳಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲದ ಒಂದು ಸಂಜೆ, ಕಿಟಕಿಯ ಬೆಳಕು ದೊಡ್ಡವ್ವನ ಕಟ್ಟು ಹಾಕಿದ ಮುಖದ ಮೇಲೆ ಬಿದ್ದಿದ್ದಾಗ ಅವಳು ಮೊಬೈಲಿನಲ್ಲಿ ಚಿತ್ರ ತೆಗೆದು, ಇವತ್ತು ಯೇಸುವಿನ ಮುಖ ಕಂಡೆ ಎಂದು ಬರೆದು ಸಭೆಯ ವಾಟ್ಸಾಪ್ ಗುಂಪಿಗೆ ಹಾಕಿದಳು. ಗುಂಪಿನಲ್ಲಿದ್ದವರು ಕೈಮುಗಿದ ಚಿಹ್ನೆಗಳನ್ನು ಹಾಕಿದರು. ನಾನೂ ಹಾಕಿದೆ.

ಚಿತ್ರ ಓಣಿಗೆ ತಲುಪಿ, ಮೊಮ್ಮಗಳ ಶಾಲೆಯ ಮಕ್ಕಳಿಗೂ ತಲುಪಿತು. ಕನ್ನಡಿ ಬೋರಲು ಹಾಕಿದ ಹೆಂಗಸಿನ ಮುಖವನ್ನು ನಾವು ಊರಿಗೆಲ್ಲ ತೋರಿಸಿದ್ದೆವು. ಮರುದಿನ ದೊಡ್ಡವ್ವ ಕಟ್ಟು ಬಿಚ್ಚಗೊಡಲಿಲ್ಲ. ಶಿಕ್ಷಕಿ ಅಳುತ್ತ, ನಾನು ನಿಮ್ಮಲ್ಲಿ ಕರ್ತನನ್ನು ಕಂಡೆನೆಂದೇ ಹಾಗೆ ಬರೆದೆ ಎಂದಳು. ದೊಡ್ಡವ್ವ, ಸೊಸೆಯ ನೆರವಿಲ್ಲದೆಯೇ ನಮಗೆ ತಿಳಿಯುವಷ್ಟು ಸ್ಪಷ್ಟವಾಗಿ ಹೇಳಿದರು: "ನಾ ಯೇಸು ಅಲ್ಲವಾ. ನಾ ನಾನ ಅದೀನಿ."

ಆ ವಾರ ನಾವು ಮತ್ತೆ ಬಟ್ಟೆ ಒಗೆಯುವುದಕ್ಕೆ ಹಿಂತಿರುಗಿದೆವು. ಚಿತ್ರ ತೆಗೆಯಕೂಡದು, ಅವರು ಬದುಕಿರುವಾಗ ಯಾರೂ ಅವರ ವಿಷಯವಾಗಿ ಸಾಕ್ಷಿ ಹೇಳಕೂಡದು ಎಂದು ಬರೆದು ಸಹಿ ಮಾಡಿದೆವು. ಶಿಕ್ಷಕಿಯನ್ನು ತಂಡದಿಂದ ತೆಗೆಯಬೇಕೆಂಬ ಮಾತು ಬಂದಾಗ ಬೇಡವೆಂದವರು ದೊಡ್ಡವ್ವ.

ಫ್ರಾನ್ಸಿನ ಕೋಲ್ಮಾರ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಮಥಿಯಾಸ್ ಗ್ರೂನೆವಾಲ್ಡ್ 1512ರಿಂದ 1516ರ ಸುಮಾರಿಗೆ ಚಿತ್ರಿಸಿದ ಐಸೆನ್‌ಹೈಮ್ ವೇದಿಕೆಯ ಚಿತ್ರಗಳಿವೆ. ಸಂತ ಅಂತೋನಿಯವರ ಹೆಸರಿನ ಮಠಕ್ಕಾಗಿ ಅದನ್ನು ಮಾಡಿಸಿದ್ದು. ಬೂಷ್ಟು ಹಿಡಿದ ಧಾನ್ಯ ತಿಂದು ಮೈ ಕೊಳೆಯುವ ರೋಗ ಬಂದವರನ್ನು ಆ ಮಠದವರು ಆರೈಕೆ ಮಾಡುತ್ತಿದ್ದರು. ಶಿಲುಬೆಯ ಮೇಲಿನ ಕ್ರಿಸ್ತನ ಮೈಯೆಲ್ಲ ಅಲ್ಲಿ ಹುಣ್ಣು, ಬೆರಳುಗಳು ನೋವಿಗೆ ಸೆಟೆದಿವೆ. ಆ ಚಿತ್ರಕಾರ ರೋಗಿಗಳ ಹುಣ್ಣುಗಳನ್ನು ಕ್ರಿಸ್ತನಿಗೆ ಕೊಟ್ಟ. ನಾವು ಕ್ರಿಸ್ತನ ಮುಖವನ್ನು ರೋಗಿಗೆ ಮುಖವಾಡವಾಗಿ ತೊಡಿಸಿದ್ದೆವು. ಮೊದಲನೆಯದರಲ್ಲಿ ರೋಗಿ ಒಂಟಿಯಲ್ಲವಾಗುತ್ತಾನೆ. ಎರಡನೆಯದರಲ್ಲಿ ರೋಗಿಯೇ ಮಾಯವಾಗುತ್ತಾಳೆ.

ತಂಬಿಗೆ

ನೋವು ಹತೋಟಿಗೆ ಬಂದ ಮೇಲೆ ದೊಡ್ಡವ್ವ ಎರಡು ಕೆಲಸ ಶುರು ಮಾಡಿದರು. ಒಂದು, ದಿನಕ್ಕೆ ತಾಸೊತ್ತು ರಾಟೆಯ ಮುಂದೆ ಕೂತು ಮಗನ ಮಗ್ಗಕ್ಕೆ ಕಂಡಿಕೆ ಸುತ್ತುವುದು. ಇನ್ನೊಂದು, ಕಟ್ಟು ಕಟ್ಟಿದ ಮೇಲೆ ನಮ್ಮ ಕೈಗೆ ತಾವೇ ನೀರು ಹಾಕುವುದು. ಹಿತ್ತಲ ಕಟ್ಟೆಯ ಮೇಲೆ ಕೂತು, ತಾಮ್ರದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಬ್ಬೊಬ್ಬರ ಕೈಗೂ ನೀರು ಬಿಡುತ್ತಿದ್ದರು, ಸಾಬೂನಿನ ನೊರೆ ಹೋಗುವವರೆಗೆ.

ನಾನು ಮೊದಲ ದಿನ ತಡೆದೆ. "ಬ್ಯಾಡ್ರಿ ದೊಡ್ಡವ್ವ, ನೀವು ಕುಂದರ್ರಿ, ತೋಳು ನೋವತೈತಿ" ಎಂದೆ. ಅವರು ತಂಬಿಗೆ ಇಳಿಸಲಿಲ್ಲ. ಪೇತ್ರನೂ ತನ್ನ ಕಾಲನ್ನು ಎಂದಿಗೂ ತೊಳೆಯಬಾರದೆಂದು ಯೇಸುವಿಗೆ ಹೀಗೆಯೇ ಅಡ್ಡ ಬಂದಿದ್ದ. ಆರೈಕೆ ಮಾಡುವ ನಾವು ಮೇಲೆ, ಮಾಡಿಸಿಕೊಳ್ಳುವ ಅವರು ಕೆಳಗೆ ಎಂಬ ಏರ್ಪಾಟು ನನಗೆ ಹಿತವಾಗಿತ್ತೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಕೈ ಒಡ್ಡಿದೆ.

ನೀರು ತಣ್ಣಗಿತ್ತು. ಅವರ ಕೈ ನಡುಗುತ್ತಿದ್ದುದರಿಂದ ಧಾರೆ ಒಮ್ಮೆ ದಪ್ಪ, ಒಮ್ಮೆ ಸಣ್ಣಗೆ ಬೀಳುತ್ತಿತ್ತು. ಹುಣ್ಣು ಕಟ್ಟಿನ ಒಳಗೆ ಮೊದಲಿನ ಹಾಗೇ ಇತ್ತು, ಅರ್ಧ ಮುಖ ಮೊದಲಿನ ಹಾಗೇ ಬಾತಿತ್ತು. ಆದರೂ ಅವರ ಮುಖದಿಂದ ಕಣ್ಣು ಕೀಳಲು ನನ್ನಿಂದಾಗಲಿಲ್ಲ. ಅದಕ್ಕೆ ಚೆಲುವು ಎಂಬುದಲ್ಲದೆ ಬೇರೆ ಪದ ನನಗೆ ಇಂದಿಗೂ ಸಿಕ್ಕಿಲ್ಲ. ಆಗ ಅದನ್ನು ಯಾರಿಗೂ ಹೇಳಲಿಲ್ಲ. ತಿಂಗಳುಗಳ ಮೇಲೆ ತಂಡದವರು ಒಟ್ಟಿಗೆ ಕೂತಾಗ, ಐವರೂ ನೆನೆದದ್ದು ಆ ತಂಬಿಗೆಯನ್ನೇ.

ಮರಣ ಮತ್ತು ಅದರ ನಂತರ

ಗಂಟಲು ಕಟ್ಟಿದ ಮೇಲೆ ಮೂಗಿನ ನಳಿಕೆಯಿಂದ ಗಂಜಿ ಕೊಡುತ್ತಿದ್ದರು. ಒಂದು ಮಂಗಳವಾರ ಮಧ್ಯಾಹ್ನ, ಸೊಸೆ ಪಕ್ಕದಲ್ಲಿ ಕೂತಿದ್ದಾಗ, ಮಗ ನೇಯುತ್ತಿದ್ದಾಗ, ದೊಡ್ಡವ್ವ ತೀರಿಕೊಂಡರು. ರಕ್ತನಾಳ ಒಡೆಯಲಿಲ್ಲ. ಮಗ್ಗದ ಸದ್ದು ನಿಂತದ್ದರಿಂದಲೇ ಓಣಿಗೆ ತಿಳಿಯಿತು. ಮಣ್ಣಿಗೆ ಒಯ್ಯುವ ಮುಂಚೆ ಹೆಣಕ್ಕೆ ನೀರು ಹಾಕಲು ಓಣಿಯ ಮೂವರು ಹೆಂಗಸರು ಕರೆಯದೆ ಬಂದರು. ಮಕ್ಕಳನ್ನು ಆಡಗೊಡದವರಲ್ಲಿ ಇಬ್ಬರು ಅವರೊಳಗಿದ್ದರು.

ಇದರಿಂದ ನಾವು ಬದಲಿಸಿಕೊಂಡ ಕ್ರಮಗಳು ಕೆಲವು. ಹೊಸ ಮನೆಗೆ ಹೋದಾಗ ಮೊದಲು ಮನೆಯಲ್ಲಿ ದುಡಿಯುತ್ತಿರುವವರನ್ನು, ಸಾಮಾನ್ಯವಾಗಿ ಅದು ಸೊಸೆ ಅಥವಾ ಮಗಳು, ಮಾತಾಡಿಸುತ್ತೇವೆ. ನೋವಿಗೆ ಔಷಧ ಸಿಗುವವರೆಗೆ ನೋವಿನ ಅರ್ಥದ ಬಗ್ಗೆ ಯಾರೂ ಮಾತಾಡುವುದಿಲ್ಲ. ರೋಗಿ ಔಷಧ ಬೇಡವೆಂದರೆ ಹಿಂದಿರುವ ಕಾರಣವನ್ನು ಕೇಳುತ್ತೇವೆ, ಮರೆಮಾಚಿ ಕೊಡುವುದಿಲ್ಲ. ರೋಗಿ ನಮಗೇನಾದರೂ ಮಾಡಬಯಸಿದರೆ, ಒಂದು ಲೋಟ ನೀರು ಕೊಡುವುದಾದರೂ ಸರಿ, ತಡೆಯುವುದಿಲ್ಲ.

ಕ್ರಮಗಳಾಗಿ ಬರೆಯಲಾಗದ ಸಂಗತಿ ಇನ್ನೊಂದಿದೆ. ಪ್ರೊಟೆಸ್ಟೆಂಟ್ ಪಂಥಕ್ಕೆ ಬುನಾದಿ ಹಾಕಿದ ಮಾರ್ಟಿನ್ ಲೂಥರ್ 1518ರಲ್ಲಿ ಹೈಡೆಲ್‌ಬರ್ಗಿನಲ್ಲಿ ಮಂಡಿಸಿದ ಸೂತ್ರಗಳಲ್ಲಿ, ಮಹಿಮೆಯನ್ನು ಮಾತ್ರ ಹುಡುಕುವ ದೇವತಾಶಾಸ್ತ್ರಿ ಕೆಟ್ಟದ್ದನ್ನು ಒಳ್ಳೆಯದೆನ್ನುತ್ತಾನೆ, ಶಿಲುಬೆಯನ್ನು ಅರಿತವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ ಎಂಬ ಅರ್ಥದ ಮಾತಿದೆ. ಹೊಸ್ತಿಲ ಆಚೆ ನಿಂತು ಕೀವನ್ನು ಸೌಂದರ್ಯ ಎಂದ ನಾವು ಮೊದಲನೆಯ ಬಗೆಯವರು. ಕೀವನ್ನು ಕೀವು ಎಂದು ಕರೆದು ತೊಳೆದ ಮೇಲೆಯೇ ಬೇರೆ ಏನಾದರೂ ಕಾಣಿಸಿದ್ದು. ಅದೇ ಸೂತ್ರಗಳ ಕೊನೆಯಲ್ಲಿ ಲೂಥರ್, ದೇವರ ಪ್ರೀತಿ ತನಗೆ ಮೆಚ್ಚಿಗೆಯಾದದ್ದನ್ನು ಹುಡುಕಿಕೊಂಡು ಹೋಗುವುದಿಲ್ಲ, ಅದನ್ನು ಉಂಟುಮಾಡುತ್ತದೆ ಎನ್ನುತ್ತಾರೆ. ಪಾಪಿಗಳು ಚೆಲುವಾಗಿರುವುದರಿಂದ ಪ್ರೀತಿ ಪಡೆಯುವುದಿಲ್ಲ, ಪ್ರೀತಿ ಪಡೆದದ್ದರಿಂದ ಚೆಲುವಾಗುತ್ತಾರೆ. ನಾನು ಇದನ್ನು ದೊಡ್ಡವ್ವನಿಗೆ ಹೊಂದಿಸುತ್ತಿಲ್ಲ. ಹಿತ್ತಲ ಕಟ್ಟೆಯ ಮುಂದೆ ಕೈ ಒಡ್ಡಿ ನಿಂತ ನನಗೆ ಹೊಂದಿಸುತ್ತಿದ್ದೇನೆ. ಪ್ರೀತಿ ಪಡೆದವಳು ಅಲ್ಲಿ ನಾನು.

ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯವನ್ನು ನಮ್ಮ ತಂಡ ಈಗ ಬೇರೆ ರೀತಿಯಲ್ಲಿ ಓದುತ್ತದೆ. ಹಸಿದವರಿಗೆ, ರೋಗಿಗಳಿಗೆ ಮಾಡಿದ್ದೆಲ್ಲ ತನಗೇ ಮಾಡಿದ್ದು ಎಂದು ಅರಸನು ಹೇಳಿದಾಗ ನೀತಿವಂತರಿಗೆ ಆಶ್ಚರ್ಯವಾಗುತ್ತದೆ. ಯಾವಾಗ ನಿನ್ನನ್ನು ನೋಡಿದೆವು ಎಂದು ಕೇಳುತ್ತಾರೆ. ಅವರು ನೋಡಿರಲಿಲ್ಲ. ಹಸಿದವನನ್ನು ಹಸಿದವನೆಂದೇ, ರೋಗಿಯನ್ನು ರೋಗಿಯೆಂದೇ ಕಂಡಿದ್ದರು. ಶಿಕ್ಷಕಿ ಈ ಭಾಗವನ್ನು ತಾನೇ ಆರಿಸಿ ತಂಡದಲ್ಲಿ ಓದಿದ ದಿನ ಯಾರೂ ವಿವರಣೆ ಕೊಡಲಿಲ್ಲ.

ಬಗೆಹರಿಯದ ಸಂಗತಿಗಳೂ ಉಳಿದಿವೆ. ಸಮಿತಿ ಬಿಟ್ಟ ಹಿರಿಯರು ಮಣ್ಣಿಗೆ ಬಂದು ಹಿಂದೆ ನಿಂತು ಹೋದರು, ಮಾತಾಡಲಿಲ್ಲ. ಜೀಪಿನ ಸಾಲದ ಅರ್ಧವನ್ನಷ್ಟೇ ಸಭೆ ತೀರಿಸಿತು. ಮೊಮ್ಮಗಳು ಶಾಲೆ ಬದಲಿಸಬೇಕಾಯಿತು, ಅದಕ್ಕೆ ನಮ್ಮ ಚಿತ್ರವೇ ಕಾರಣ.

ದೊಡ್ಡವ್ವ ತೀರಿಕೊಂಡ ಮೂರನೆಯ ವಾರ ಸೊಸೆ ನಮ್ಮ ಮನೆಗೆ ಬಂದು ಆ ಕೆಂಪು ಜಮಖಾನೆಯನ್ನು ಕೊಟ್ಟಳು, ಒಗೆದು ಮಡಿಚಿ. ಬೇರೆ ಯಾರಿಗಾದರೂ ಬೇಕಾಗಬಹುದು ಎಂದಳು. ಈಗ ಅದು ಕುಕ್ಕರು, ಚಿಮಟ, ವ್ಯಾಸಲೀನ್ ಡಬ್ಬಿಗಳ ಜೊತೆ ತಂಡದ ಚೀಲದಲ್ಲಿದೆ. ನಮ್ಮ ಆರನೆಯವಳು ಅವಳೇ. ಹೊಸ ಮನೆಗಳಲ್ಲಿ ಹಿತ್ತಲ ಬಾಗಿಲು ಎಲ್ಲಿದೆಯೆಂದು ಮೊದಲು ಕೇಳುವವಳೂ ಅವಳೇ.